ಸತ್ತ ರಾಜನ ಆಣೆ

ಹೊಲ ಅಳೆಯುವವರು ಹಗ್ಗ ಹಿಡಿದು ಇಥಿಯೋಪಿಯಾದ ಗೊಜ್ಜಾಮ್ ಸೀಮೆಯ ಆ ಊರಿಗೆ ಬಂದಿಳಿದ ವಾರವೇ ವಿಶ್ವವಿದ್ಯಾಲಯದ ಇತಿಹಾಸದ ಮೇಷ್ಟರು ಶಿಫೆರಾವ್ ಕೂಡ ಬಂದರೆ ಯೆಶಾರೆಗ್ ಮುದುಕಿಗೆ ಅನುಮಾನ ಬಾರದೆ ಇದ್ದೀತೇ? ಬಿದ್ದುಹೋದ ಸೈನಿಕರ ಸರ್ಕಾರದಲ್ಲಿ ಹುದ್ದೆ ಹಿಡಿದಿದ್ದ ಮನೆಗಳ ಹೊಲ ಕಿತ್ತು ಹಂಚುವ ಕಾಲ ಅದು. ಅವಳ ಸತ್ತ ಗಂಡ ಆ ಸರ್ಕಾರದ ಕಾಲದಲ್ಲಿ ರೈತ ಸಂಘದ ಅಧ್ಯಕ್ಷನಾಗಿದ್ದ. ಅಳೆಯುವವರ ಮುಂದೆ ಊರವರೇನೋ ಆ ವಿಷಯಕ್ಕೆ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಹಳ್ಳದ ಪಕ್ಕದ ತೆಫ್ ಧಾನ್ಯದ ಹೊಲ ಹೋದರೆ ಅವಳಿಗೆ ತಿರಿದು ತಿನ್ನುವುದೇ ಗತಿ.

“ಎಮ್ಮಾಮಾ, ಅಜ್ಜೀ, ರಾಜ ಹೋದ, ಸೈನಿಕರು ಬಂದ್ರು, ಅವರೂ ಹೋದ್ರು. ಏನು ಬದಲಾಯ್ತು, ಏನು ಹಾಗೇ ಉಳೀತು? ಅದನ್ನ ತೂಗಿ ನೋಡ್ತಿದೀನಿ,” ಎಂದ ಶಿಫೆರಾವ್, ಕಾಫಿ ಹೀರುತ್ತ.

“ತಕ್ಕಡಿ ತಂದೋರು ಬರಿಗೈಲಿ ಹೋಗಿದ್ದು ನಾನಂತೂ ಕಾಣೆ, ಮಗಾ. ರಾಜ ಬಿದ್ದಾಗ್ಲೂ ಮೊದ್ಲು ಬಂದೋರು ನಿನ್ನಂಥ ಓದಿದ ಹುಡುಗ್ರೇ. ಹಿಂದೇನೇ ಹಗ್ಗ ಬಂತು.”

ಅವನು ನಕ್ಕ. ಆ ನಗು ಅವಳಿಗೆ ಹಿಡಿಸಲಿಲ್ಲ.

“ಸಂಘದ ಮೊದಲ ಅಧ್ಯಕ್ಷರು ನಿಮ್ಮ ಯಜಮಾನ್ರೇ ಅಲ್ವಾ? ಪಾದ್ರಿಗಳು ಹೇಳಿದ್ರು,” ಎನ್ನುತ್ತ ಅವನು ಬರೆಯತೊಡಗಿದ.

ಅವಳು ಚೀರಿದಳು: “ನಿಲ್ಸು! ನಿಲ್ಲಿಸ್ದಿದ್ರೆ ರಾಜ ಸಾಯ್ಲಿ!”

ಅಜ್ಜಂದಿರ ಕಾಲದ ಆಣೆ ಅದು. ಕೇಳಿದವನು, ದಾರಿಹೋಕನೊಬ್ಬ ನ್ಯಾಯ ಹೇಳುವ ತನಕ ಕದಲಕೂಡದು. ರಾಜ ಸತ್ತು ಮಣ್ಣಾಗಿ ಎಷ್ಟೋ ವರ್ಷವಾಗಿತ್ತು. ಆದರೂ ಶಿಫೆರಾವನ ಕೈ ನಿಂತಿತು. ಬೇಲಿಯಾಚೆ ಹೋಗುತ್ತಿದ್ದವನೊಬ್ಬನೂ ನಿಂತ. ಯಾರೆಂದು ನೋಡಿದರೆ, ಪಟ್ಟಣದಿಂದ ಬಂದಿದ್ದ ಹಂಚಿಕೆ ಸಮಿತಿಯ ಮುಲುಕೆನ್!

ಅವನು ಒಳಬಂದು ಕಲ್ಲಿನ ಮೇಲೆ ಕೂತು, ಹಿಂದಿನ ನ್ಯಾಯಾಧೀಶರಂತೆಯೇ ಹೊದಿಕೆಯನ್ನು ಹೆಗಲಿಗೇರಿಸಿದ. “ಏನು ವ್ಯಾಜ್ಯ?”

ನನ್ನ ಬಾಯೇ ನನಗೆ ಮುಳುವಾಯಿತಲ್ಲ ಎಂದು ಮುದುಕಿ ಒಳಗೇ ಬೆಂದಳು. ಶಿಫೆರಾವ್ ಆ ಹೊದಿಕೆಯನ್ನೇ ಕಣ್ಣರಳಿಸಿ ನೋಡುತ್ತಿದ್ದ. ಇನ್ನೇನು, ಎಲ್ಲವನ್ನೂ ಒದರುತ್ತಾನೆ.

“ವ್ಯಾಜ್ಯ ಏನಿಲ್ಲ. ಪದ್ಧತಿ ಮೀರಿ ಮೂರನೇ ಸುತ್ತಿನ ಕಾಫಿ ಕುಡೀದೆ ಎದ್ದೆ. ಅಜ್ಜಿ ಆಣೆ ಹಾಕಿದ್ರು.”

“ಕುಡಿದೇ ಹೋಗು, ಅದೇ ತೀರ್ಪು,” ಎಂದು ಮುಲುಕೆನ್ ನಗುತ್ತ ಎದ್ದ. “ರಾಜನ ಹೆಸರು ಇನ್ಮೇಲೆ ಎತ್ಬೇಡ ಅಜ್ಜಿ. ಕಾಲ ಬದಲಾಗಿದೆ. ಅಲ್ವಾ ಮೇಷ್ಟ್ರೇ?”

“ಪೂರ್ತಿ ಬದಲಾಗಿದೆ,” ಎಂದ ಶಿಫೆರಾವ್.

ಮುಲುಕೆನ್ ದಾಟಿಹೋದ ಮೇಲೆ ಶಿಫೆರಾವ್ ತಾನು ಬರೆದಿದ್ದ ಹಾಳೆಯನ್ನು ಹರಿದು ಕೆಂಡಕ್ಕೆ ಹಾಕಿದ. ಯೆಶಾರೆಗ್ ಅದು ಉರಿದು ಮುಗಿಯುವ ತನಕ ನೋಡಿದಳು. ಹೊಲ ಉಳಿಯಿತು, ನಿಜ. ಆದರೆ ಅವಳ ಆಯುಷ್ಯದಲ್ಲಿ ಪೆನ್ನು ಹಿಡಿದವನೊಬ್ಬ ಪುಕ್ಕಟೆ ಉಪಕಾರ ಮಾಡಿದ್ದುಂಟೇ?

ಅವಳು ಹತ್ತಿರ ಸರಿದು ದನಿ ತಗ್ಗಿಸಿ ಕೇಳಿದಳು: “ಕೋಳಿ ಸಾಕಾ ಮಗಾ, ಕುರೀನೇ ಬೇಕಾ?”