ಅಳಿಸಲೆಂದು ಹಾಡಿದ ಹಾಡು

೧

ಎಲ್ಲಿಂದ ಶುರು ಮಾಡಲಿ? ಹಾಡಿನಿಂದಲೇ ಎಂದರೆ ಕಾಗದಕ್ಕೆ ದನಿಯಿಲ್ಲ. ಅನ್ಯಾಯದಿಂದ ಎಂದರೆ ಕಥೆಯ ನಾಯಕಿಯೇ ಒಪ್ಪುತ್ತಿಲ್ಲ. (ಅನ್ಯಾಯದಿಂದ ಶುರು ಮಾಡುವುದು ನನ್ನ ಚಾಳಿ. ನಮ್ಮ ಓದುಬಳಗದಲ್ಲಿ ಕಥೆಯ ಎರಡನೇ ಪುಟದೊಳಗೆ ಶೋಷಕ ಯಾರೆಂದು ತಿಳಿಯದಿದ್ದರೆ ಟೀ ಕೂಡ ಸಿಗುತ್ತಿರಲಿಲ್ಲ.)

ಸರಿ, ಕೌದಿಯಿಂದ ಶುರು ಮಾಡುತ್ತೇನೆ.

೨

ಕೊಡಿಗೇಹಳ್ಳಿಯಲ್ಲಿ ಅಶ್ವತ್ಥನ ಕಟ್ಟಡ. ಅವನ ತಾತನ ರಾಗಿ ಹೊಲದ ಮೇಲೆ ಎದ್ದದ್ದು. ಕೆಳಗಿನ ಬಾಡಿಗೆ ಮನೆಯಲ್ಲಿ ಗದಗದ ಕಡೆಯ ಚಂದ್ರವ್ವ ಮತ್ತು ಮುರಿಗೆಪ್ಪ. ಗಂಡ ಯಶವಂತಪುರದ ಫ್ಯಾಕ್ಟರಿಗೆ ಹೋಗುತ್ತಾನೆ, ಹೆಂಡತಿ ಯಲಹಂಕದ ಕಾಲೇಜೊಂದರಲ್ಲಿ ಅಟೆಂಡರ್. ತಾರಸಿಯ ಕೋಣೆಯಲ್ಲಿ ಹೇಮಂತನ ಪುಟ್ಟ ಸ್ಟುಡಿಯೋ. ಹಾಡು ಕಟ್ಟುವವನೂ ಅವನೇ, ಹಾಡುವವನೂ ಅವನೇ. ಬೀದಿಯ ಗದ್ದಲ ಮೈಕಿಗೆ ಬೀಳದಂತೆ ಗೋಡೆಗೆ ತೂಗುಹಾಕಲು ದಪ್ಪ ಬಟ್ಟೆ ಹುಡುಕುತ್ತಿದ್ದವನಿಗೆ ಚಂದ್ರವ್ವ ತಾನು ಹೊಲಿದ ಕೌದಿಗಳನ್ನು ಹೊತ್ತು ತಂದಳು. ಮೊಳೆಗೆ ಸಿಕ್ಕಿಸುತ್ತಾ ಏನೋ ಗುನುಗಿದಳು. ಹೇಮಂತ ಸುತ್ತಿಗೆ ಕೆಳಗಿಟ್ಟ.

ಅವನ ಬಳಿ ಒಂದು ಪ್ರೇಮಗೀತೆಯಿತ್ತು, ಯುಗಳ. ಗಂಡುದನಿ ಅವನದೇ. ಹೆಣ್ಣುದನಿಗೆ ಹೆಸರಾಂತ ಗಾಯಕಿಯೊಬ್ಬರು ಬರುವವರಿದ್ದರು. ಅವರಿಗೆ ದಾರಿ ತೋರಿಸಲು ಮೊದಲು ಯಾರಾದರೂ ‘ಟ್ರ್ಯಾಕ್’ ಹಾಡಬೇಕು. ಆಮೇಲೆ ಆ ದನಿಯನ್ನು ಅಳಿಸಿ ಗಾಯಕಿಯ ದನಿಯನ್ನು ಕೂರಿಸುತ್ತಾರೆ. ಇಷ್ಟನ್ನೂ ಕೇಳಿಸಿಕೊಂಡ ಚಂದ್ರವ್ವ ತಿರುಗಿ ಕೇಳಿದ್ದು ಒಂದೇ.

“ಖರೇನ ಅಳಸ್ತಿಯೇನಪಾ?”

“ಅಳಿಸ್ತೀನಿ ಅಕ್ಕಾ.”

ಹಾಗಿದ್ದರೆ ಹಾಡುತ್ತೇನೆ ಎಂದಳು.

೩

ನಲವತ್ತು ದಾಟಿದವಳು. ಸೋಮವಾರದ ಭಜನೆಯಲ್ಲೂ ಉಳಿದವರ ದನಿಯ ಹಿಂದೆ ತನ್ನದನ್ನು ಮರೆಮಾಡಿಕೊಂಡೇ ಬಂದವಳು. ಮುರಿಗೆಪ್ಪನಿಗೆ ಗೊತ್ತಿದ್ದದ್ದೂ ಆ ಮರೆಯ ದನಿಯೇ. ಉಳಿಯುವುದಿಲ್ಲ ಎಂದು ಖಾತ್ರಿಯಾದದ್ದೇ ತಡ, ಗಂಟಲು ಬಿಚ್ಚಿಕೊಂಡಿತು.

ಹೆಡ್‌ಫೋನಿನಲ್ಲಿ ಹೇಮಂತ ಹಾಡುತ್ತಿದ್ದ: ‘ನನ್ನ ಸಂಜೆ ನಿನ್ನ ಬೀದಿಗೆ ತಿರುಗಿತು.’ ಅವಳು ಉತ್ತರ ಕೊಟ್ಟಳು: ‘ತಿರುಗಲಿ ಬಿಡು, ನಾನಿನ್ನೂ ದೀಪ ಹಚ್ಚಿಲ್ಲ.’

(ಆ ‘ಬಿಡು’ ಹೇಗಿತ್ತೆಂದು ಹೇಳಲು ಹೋಗಿ ಒಂದು ಡ್ರಾಫ್ಟ್ ಹಾಳಾಯಿತು. ಜೇನು, ಕೊಳಲು, ಬೆಳದಿಂಗಳು ಎಲ್ಲ ಸುಳ್ಳು. ಬಾಗಿಲು ತೆರೆದವಳು ಹೊಸ್ತಿಲಲ್ಲೇ ನಿಂತು ನಕ್ಕ ಹಾಗಿತ್ತು. ಇದೂ ಸಾಲದು. ಕ್ಷಮಿಸಿ, ಮುಂದೆ ಹೋಗೋಣ.)

ಹೆಸರಾಂತ ಗಾಯಕಿ ಬಂದರು, ಟ್ರ್ಯಾಕ್ ಕೇಳಿದರು. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. “ಇದನ್ನ ಅಳಿಸಿದ್ರೆ ಪಾಪ ಬರುತ್ತೆ ಕಣಪ್ಪಾ” ಎಂದು ಹೇಳಿ, ಹಾಡದೆಯೇ ಹೊರಟುಹೋದರು. ಚಂದ್ರವ್ವನ ದನಿ ಅಳಿಯದೆ ಉಳಿಯಿತು.

೪

ಹಾಡಿಗೆ ದುಡ್ಡು ಹಾಕಿದವನು ಅಶ್ವತ್ಥ. ವಿಡಿಯೋದಲ್ಲಿ ಪದ್ಮಶ್ರೀ ಎಂಬ ಮಾಡೆಲ್ ಆಗಲೇ ತುಟಿಯಾಡಿಸಿ ಆಗಿತ್ತು. ಹಾಡಿದವರ ಹೆಸರು ಹಾಕುವ ಮಾತು ಬಂದಾಗ ಅವನು ನಕ್ಕ.

“ಚಂದ್ರವ್ವ ಅಂತ ಹಾಕಿದ್ರೆ ಯಾರ್ ಕ್ಲಿಕ್ ಮಾಡ್ತಾರೆ ಮಗಾ? ಪದ್ಮಶ್ರೀ ಅಂತಾನೇ ಹಾಕು. ಮುಖಾನೂ ಅವಳ್ದೇ, ದನೀನೂ ಅವಳ್ದೇ.”

ಬಾಡಿಗೆ ಕೊಡದೆ ತಾರಸಿಯಲ್ಲಿದ್ದ ಹೇಮಂತ ತಲೆ ಬಗ್ಗಿಸಿ ಹಾಗೆಯೇ ಟೈಪ್ ಮಾಡಿದ.

ಈಗ ನನ್ನ ಸರದಿ. ಹೊಲ ಲೇಔಟಾಯಿತು, ಕೆರೆ ಅಪಾರ್ಟ್‌ಮೆಂಟಾಯಿತು, ಇನ್ನು ಬಾಡಿಗೆ ಮನೆಯವಳ ಗಂಟಲಿಗೂ ಖಾತೆ ಮಾಡಿಸಿಕೊಳ್ಳುತ್ತೀರಾ ಸ್ವಾಮಿ? ಆ ಸಿಟ್ಟಿನಲ್ಲೇ ಅಂತ್ಯ ಬರೆದೆ.

ಅಂತ್ಯ ಒಂದು: ರಿಲೀಸ್ ಸಮಾರಂಭದಲ್ಲಿ ಚಂದ್ರವ್ವ ವೇದಿಕೆ ಹತ್ತಿ ಮೈಕ್ ಕಸಿಯುತ್ತಾಳೆ. ದನಿ ಕಳೆದುಕೊಂಡ ಸಮಸ್ತರ ಪರವಾಗಿ ಭಾಷಣ ಮಾಡುತ್ತಾಳೆ.

ಅಂತ್ಯ ಎರಡು: ಕಾಲೇಜಿನ ವಿದ್ಯಾರ್ಥಿಗಳು ಅವಳ ಹೆಸರಿನ ಫಲಕ ಹಿಡಿದು ಹೆಬ್ಬಾಳದ ಫ್ಲೈಓವರ್ ತಡೆಯುತ್ತಾರೆ. (ಅಲ್ಲಿ ಗಾಡಿಗಳು ದಿನವೂ ತಾವಾಗಿಯೇ ನಿಂತಿರುತ್ತವೆ. ಇದು ಚಳವಳಿ ಎಂದು ಯಾರಿಗೂ ಗೊತ್ತಾಗುವುದಿಲ್ಲ.)

ಚಂದ್ರವ್ವ ಎರಡನ್ನೂ ಓದಿದಳು.

“ನನ್ನ ಕೈಯಾಗ ಮೈಕ್ ಕೊಟ್ಟು ಮಾತೆಲ್ಲಾ ನೀವ ಆಡಾಕತ್ತೀರಲ್ರೀ. ಪದ್ಮಶ್ರೀ ಬಾಯಾಗ ನನ್ನ ದನಿ, ನನ್ನ ಬಾಯಾಗ ನಿಮ್ಮ ದನಿ. ಆ ಅಶ್ವತ್ಥಗೂ ನಿಮಗೂ ಏನ್ರೀ ಫರಕು?”

ನಾನು ಪೆನ್ನು ಮುಚ್ಚಿದೆ. (ಲ್ಯಾಪ್‌ಟಾಪ್ ಎಂದು ಓದಿಕೊಳ್ಳಿ. ಪೆನ್ನು ಎಂದರೆ ತೂಕ ಜಾಸ್ತಿ.) ಹಾಗಾದರೆ ನಿಮಗೆ ಬೇಕಾದ್ದೇನು ಎಂದು ಕೇಳಿದೆ. ಹೆಸರು ಬೇಡವೆಂದು ಯಾರು ಹೇಳಿದರು, ಅದನ್ನು ತಾನೇ ಕೇಳುತ್ತೇನೆ ಎಂದಳು. ಅದಕ್ಕೂ ಮೊದಲು, ತಾನು ಬಾಯಿಬಿಟ್ಟು ಹೇಳದೆಯೇ, ಇದು ತನ್ನ ದನಿಯೆಂದು ಒಬ್ಬನಿಗೆ ತಿಳಿಯಬೇಕು. ಮುರಿಗೆಪ್ಪನಿಗೆ.

೬

(ಐದನೆಯದರಲ್ಲಿ ನನ್ನ ಭಾಷಣವಿತ್ತು. ತೆಗೆದಿದ್ದೇನೆ.)

ರಿಲೀಸ್ ಸಂಜೆ ಬೀದಿಗೆ ಬೀದಿಯೇ ಎಲ್‌ಇಡಿ ಪರದೆಯ ಮುಂದೆ ನೆರೆದಿತ್ತು. ಚಂದ್ರವ್ವ ಜನರ ಹಿಂದೆ, ಗಂಡನ ಪಕ್ಕದಲ್ಲಿ ನಿಂತಿದ್ದಳು. ಪರದೆಯ ಮೇಲೆ ಪದ್ಮಶ್ರೀಯ ತುಟಿ ತೆರೆಯಿತು. ಹೊರಬಂದದ್ದು ಚಂದ್ರವ್ವನ ಉಸಿರು.

ಅವಳಿಗೆ ಸಿಟ್ಟು ಬರಬೇಕಿತ್ತು, ನಾನು ಕಾದಿದ್ದೆ. ಬಂದದ್ದು ಬೆರಗು. ತನ್ನೊಳಗಿನದ್ದು ಕಟ್ಟಡದಷ್ಟು ಎತ್ತರಕ್ಕೆ ಎದ್ದು, ಎದುರು ಗೋಡೆಗೆ ತಾಗಿ, ಮತ್ತೆ ತನ್ನ ಕಡೆಗೇ ಬರುತ್ತಿತ್ತು. ಪಾನಿಪುರಿಯವನ ಕೈ ಮಡಕೆಯೊಳಗೇ ನಿಂತಿತು. ಪಕ್ಕದವಳ ಸೊಂಟದಲ್ಲಿ ಅಳುತ್ತಿದ್ದ ಕೂಸು ಬಾಯಿ ತೆರೆದುಕೊಂಡೇ ಸುಮ್ಮನಾಯಿತು. ಇಷ್ಟು ದೊಡ್ಡದು ಇಷ್ಟು ವರ್ಷ ಎದೆಯ ಯಾವ ಮೂಲೆಯಲ್ಲಿ ಮಲಗಿತ್ತು? ಅವಳು ತನ್ನ ಗಂಟಲನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡಳು. ಯಾರದೋ ಮನೆಗೆ ಮೊದಲ ಸಲ ಬಂದವರು ಗೋಡೆ ಮುಟ್ಟುವ ಹಾಗೆ.

ಮನೆಯ ಕಡೆ ನಡೆಯುತ್ತಾ ಮುರಿಗೆಪ್ಪ ಅದೇ ಹಾಡನ್ನು ಮೊಬೈಲಿನಲ್ಲಿ ಹಚ್ಚಿದ.

“ಆ ಹುಡುಗಿ ವಯಸ್ಸಿಗೆ ಇಂಥಾ ದನಿ ಬರಂಗಿಲ್ಲ ಬಿಡು,” ಎಂದ. “ಇದು ಭಾಳ ದಿನ ಒಳಗ ಇಟ್ಟ ದನಿ ಐತಿ.”

ಮೊಬೈಲಿನೊಳಗೆ ಸಂಜೆ ಬೀದಿಗೆ ತಿರುಗಿತು. ಉತ್ತರದ ಸಾಲು ಬಂದಾಗ ಚಂದ್ರವ್ವ ಅದರ ಜೊತೆಗೇ ಹಾಡಿದಳು, ನೆಲ ನೋಡುತ್ತಾ, ತಗ್ಗು ದನಿಯಲ್ಲಿ, ಆದರೆ ಯಾರ ಹಿಂದೆಯೂ ಅಡಗದೆ.

೭

ಈಗ ನೀವು ಕೇಳುತ್ತೀರಿ: ಹೆಸರು ಸಿಕ್ಕಿತೇ? ಅಶ್ವತ್ಥ ಮನೆ ಖಾಲಿ ಮಾಡಿಸಿದನೇ? ನನ್ನಲ್ಲಿ ಮೂರು ಉತ್ತರಗಳಿವೆ, ಮೂರೂ ನನ್ನವು. ಅವಳದಿನ್ನೂ ಬಂದಿಲ್ಲ. ಅವಳು ಹಾಡುತ್ತಿರುವಾಗ ನಡುವೆ ಬಾಯಿ ಹಾಕಲಾರೆ. ಕಂಡಷ್ಟನ್ನು ಹೇಳುತ್ತೇನೆ.

ಮುರಿಗೆಪ್ಪ ನಿಂತ. ಅವಳನ್ನು ನೋಡಲಿಲ್ಲ. ಹೆಬ್ಬೆರಳಿನಿಂದ ಮೊಬೈಲಿನ ದನಿಯನ್ನು ತಗ್ಗಿಸಿದ, ಇನ್ನೂ ತಗ್ಗಿಸಿದ, ಅದು ಪೂರ್ತಿ ಸತ್ತುಹೋಗುವ ತನಕ. ಬೀದಿಯಲ್ಲಿ ಒಂದೇ ದನಿ ಉಳಿಯಿತು. ಆ ಸಾಲೂ ಮುಗಿಯಿತು.

ಮುಂದಿನ ಸಾಲು ಗಂಡಿನದು. ಮುರಿಗೆಪ್ಪನಿಗೆ ಹಾಡಲು ಬರುವುದಿಲ್ಲ. ಅವನು ಗಂಟಲು ಸರಿಮಾಡಿಕೊಂಡ