ಡೈರೆಕ್ಟ್

"ಮಷಿನ್ ಮುಟ್ಟಿದ್ರ ಕೈ ಜುಮ್ಮಂತೈತಿ ನೂರಸಾಬ. ಕೀಲುನೋವಿಗೆ ಛಲೋ ಐತಿ ಬಿಡು" ಎಂದು ಶಿವಬಸಮ್ಮ ಫೋನಿನಲ್ಲಿ ನಕ್ಕಳು.

ಕಿನ್ನಾಳದ ಒಂದು ಮನೆಯಲ್ಲಿ ಮಿಕ್ಸರ್ ಬಿಚ್ಚಿಕೊಂಡು ರಿಪೇರಿಗೆ ಕೂತಿದ್ದ ನೂರಸಾಬನಿಗೆ ನಗು ಬರಲಿಲ್ಲ. "ಮುಟ್ಟಬ್ಯಾಡ್ರಿ ಅಕ್ಕಾರ! ಮೇನ್ ಆರಿಸ್ರಿ. ಬಾಣಂತಿ ಗಂಗವ್ವನ್ನ ಅದರ ಹಂತೇಕ ಬಿಡಬ್ಯಾಡ್ರಿ!"

"ಏನಂದಿ? ಕೇಳವಲ್ದು. ನೀರು ಕಾದಾವ, ಮಗಳಿಗೆ ಎರೀಬೇಕು. ಆಮ್ಯಾಲೆ ಮಾತಾಡ್ತೀನಿ."

ಮತ್ತೆ ಹಚ್ಚಿದ. ಫೋನು ಬಡಕೊಂಡು ಬಡಕೊಂಡು ಸುಮ್ಮನಾಯಿತು.

ಬಟ್ಟೆ ಒಣಗಿಸುವ ಆ ಮಷಿನ್ ಇದ್ದದ್ದು ಬಚ್ಚಲಲ್ಲಿ. ಕೊಪ್ಪಳದ ಅಂಚಿನ ಅವರ ಓಣಿಯಲ್ಲಿ ಹೊರಗೆ ಹರವಿದ ಬಟ್ಟೆ ಸಂಜೆಯೊಳಗೆ ಕಾರ್ಖಾನೆಯ ಬೂದಿ ಹಿಡಿದು ಕಪ್ಪಾಗುತ್ತಿತ್ತು. ಒಂದೂವರೆ ತಿಂಗಳ ಮೊಮ್ಮಗಳ ಮೈಮೇಲೆ ಗುಳ್ಳೆ ಎದ್ದ ಮೇಲೆ, ಶಿವಬಸಮ್ಮ ಹಟ ಹಿಡಿದು ಯಾರೋ ಬಳಸಿ ಬಿಟ್ಟ ಮಷಿನ್ ತರಿಸಿದ್ದಳು. ನಿನ್ನೆ ಅದನ್ನು ಚಾಲೂ ಮಾಡಿದಾಗಲೆಲ್ಲ ಮನೆಯ ಟ್ರಿಪ್ ಸ್ವಿಚ್ಚು ಟಪ್ಪೆಂದು ಬಿದ್ದು ಕರೆಂಟ್ ಹೋಗುತ್ತಿತ್ತು. ಒಳಗಿನ ಹೀಟರ್ ಕಾಯಿಲ್ ಸುಟ್ಟು ಕರೆಂಟ್ ಮಷಿನಿನ ಮೈಗೆ ಸೋರುತ್ತಿದೆಯೆಂದು ನೂರಸಾಬನಿಗೆ ತಿಳಿದೇ ಇತ್ತು. ಹೊಸದು ಗಂಗಾವತಿಯಿಂದ ಬರಬೇಕಿತ್ತು.

"ಕೂಸಿನ ಅರಿವಿ ಎಲ್ಲಾ ಹಸಿ ಅದಾವಪಾ. ಇವತ್ತೊಂದಿನ ಡೈರೆಕ್ಟ್ ಕೊಟ್ಟು ಹೋಗು" ಎಂದಿದ್ದಳು ಶಿವಬಸಮ್ಮ. ಕೊಟ್ಟ. ಟ್ರಿಪ್ ಸ್ವಿಚ್ಚನ್ನು ದಾಟಿಸಿ ವೈರು ನೇರ ಜೋಡಿಸಿದ. ಅದು ಬೀಳುವುದೇ ಮನುಷ್ಯರನ್ನು ಉಳಿಸಲಿಕ್ಕೆ ಎಂದು ಗೊತ್ತಿಲ್ಲದವನೇನಲ್ಲ. ಮೂವತ್ತು ವರ್ಷದಲ್ಲಿ ಹೀಗೆ ಎಷ್ಟು ಮನೆಗಳಲ್ಲಿ ಇಲ್ಲವೆನ್ನಲಾರದೆ ತಲೆಯಾಡಿಸಿದ್ದನೋ! ಒಳ್ಳೆಯವನೆನಿಸಿಕೊಳ್ಳುವ ಚಟ, ಇನ್ನೇನು.

ಮಿಕ್ಸರನ್ನು ಹಾಗೇ ಬಿಟ್ಟು ಗಾಡಿ ಹತ್ತಿದ. ಬಾಣಂತಿಯ ಬರಿಗಾಲು, ಬಚ್ಚಲ ತುಂಬ ನೀರು, ಎದ್ದು ನಿಲ್ಲಲು ಆಕೆ ಮಷಿನನ್ನೇ ಹಿಡಿದರೆ? ಅಲ್ಲಾನನ್ನು ಕರೆದ. ಸಾಲದೆಂದು ದೇವಿ ಹುಲಿಗೆಮ್ಮನನ್ನೂ ಕರೆದ. ದಾರಿಗೆ ಅಡ್ಡವಾಗಿ ಕುರಿಹಿಂಡು ಬಂತು. ಒಂದೊಂದೇ ಕುರಿ ದಾಟುವಾಗ ಅವನಿಗೆ ಅಳು ಬಂದುಬಿಟ್ಟಿತು.

ಮನೆಯ ಬಾಗಿಲು ತೆರೆದಿತ್ತು. ತೊಟ್ಟಿಲಲ್ಲಿ ಕೂಸು ಕಿರುಚುತ್ತಿತ್ತು, ಎತ್ತಿಕೊಳ್ಳುವವರಿಲ್ಲ. ಎಲ್ಲ ಮುಗಿಯಿತು ಅಂದುಕೊಂಡ. ಓಡಿಹೋಗಿ ಮೇನ್ ಸ್ವಿಚ್ಚು ಕೆಡವಿದ.

"ಯಾವನಪಾ ಅಂವಾ, ಕರೆಂಟ್ ತೆಗದಾಂವಾ? ಕಣ್ಣಾಗ ಸೀಗೆಪುಡಿ ಹೊಕ್ಕೈತಿ ಇಲ್ಲೆ!" ಬಚ್ಚಲೊಳಗಿಂದ ಗಂಗಾ ಚೀರಿದಳು.

ನೂರಸಾಬ ಇದ್ದಲ್ಲೇ ಕುಸಿದು ಕೂತ.

ತಾಯಿ ಮಗಳಿಗೆ ಎರೆಯುವುದು ಮುಗಿದ ಮೇಲೆ ಕೆಲಸಕ್ಕಿಳಿದ. ಬೆಳಿಗ್ಗೆಯಷ್ಟೇ ಗಂಗಾವತಿಯಿಂದ ಬಂದು ಚೀಲದಲ್ಲಿದ್ದ ಹೊಸ ಕಾಯಿಲ್ ಹಾಕಿದ, ಕಿತ್ತುಹೋಗಿದ್ದ ಅರ್ಥಿಂಗ್ ವೈರು ಬಿಗಿದ, ನಿನ್ನೆಯ ಜೋಡಣೆ ಕಿತ್ತು ಟ್ರಿಪ್ ಸ್ವಿಚ್ಚನ್ನು ಮೊದಲಿನಂತೆ ಕೂಡಿಸಿದ.

"ಕಾಯಿಲ್ ಒಂದ ಹೋಗಿತ್ತೇನು?" ಶಿವಬಸಮ್ಮ ಕೇಳಿದಳು.

ಹೌದೆಂದರೆ ಅಲ್ಲಿಗೆ ಮುಗಿಯುತ್ತಿತ್ತು. "ತಪ್ಪು ನಂದರಿ ಅಕ್ಕಾರ. ನಿನ್ನಿ ನಾ ಡೈರೆಕ್ಟ್ ಕೊಡಬಾರದಿತ್ತು. ಗಂಗವ್ವ ಹಸೀ ಕೈಲೆ ಮುಟ್ಟಿದ್ದಳಂದ್ರ..."

ಶಿವಬಸಮ್ಮ ಮೊಮ್ಮಗಳನ್ನು ಎತ್ತಿ ಎದೆಗವಚಿಕೊಂಡಳು. "ನಾನ ಅಂದಿದ್ನೆಲ್ಲೋ, ಕೊಟ್ಟು ಹೋಗು ಅಂತ" ಎಂದಳು ಸಣ್ಣ ದನಿಯಲ್ಲಿ.

ತಲೆಗೆ ಬಟ್ಟೆ ಸುತ್ತಿಕೊಂಡ ಗಂಗಾ ಹಸಿ ಅರಿವಿಯ ಬುಟ್ಟಿ ಹಿಡಿದು ಬಂದಳು. "ಕಾಕಾ, ಈಗ ಮುಟ್ಟಬೌದಾ?"

ಮೇನ್ ಮತ್ತೆ ಹಾಕಿದ್ದ, ಮಷಿನಿನ ಮೈಗೆ ಹಿಡಿದ ಟೆಸ್ಟ್ ಮೀಟರು ಸೊನ್ನೆ ತೋರಿಸುತ್ತಿತ್ತು. ಸ್ವಿಚ್ಚು ಬೀಳದೆ ನಿಂತಿತ್ತು. 'ಮುಟ್ಟವ್ವ, ಏನೂ ಆಗೂದಿಲ್ಲ' ಎಂದು ಸಾವಿರ ಸಲ ಹೇಳಿದ್ದ, ಇಂದು ಬರಿ ಬಾಯಿಮಾತು ಸಾಲದೆನಿಸಿತು.

ನೂರಸಾಬ ಚಪ್ಪಲಿ ಬಿಟ್ಟ. ಒದ್ದೆ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು, ಮಷಿನಿನ ಮೇಲೆ ಪೂರಾ ಅಂಗೈ ಊರಿದ. "ಹಚ್ರಿ ಅಕ್ಕಾರ" ಎಂದ.

ಶಿವಬಸಮ್ಮ ಗುಂಡಿ ಒತ್ತಿದಳು. ಒಳಗೆ ಡ್ರಮ್ಮು ತಿರುಗತೊಡಗಿತು. ಗಂಗಾ ಬುಟ್ಟಿ ಹಿಡಿದು ನಿಂತೇ ಇದ್ದಳು, ಅವನು ಕೈ ತೆಗೆಯಲಿಲ್ಲ.