ಕಿವಿ ಮುಚ್ಚಿದ ಎಂಜಿನ್ನು, ಉಪಯೋಗಕ್ಕೆ ಬಾರದ ಮೂರು ಅಂತ್ಯಗಳು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ಬಾನೆಟ್ ಎತ್ತುವುದರಿಂದ ಎಂದುಕೊಂಡು ಒಂದು ಪುಟ ಬರೆದೂ ಆಗಿತ್ತು: ಎಣ್ಣೆ ಮೆತ್ತಿದ ಕೈ, ಸ್ಪ್ಯಾನರ್, ಹಣೆಯ ಬೆವರು. ಕಥಾನಾಯಕಿ ಅದನ್ನು ಓದಿ ನಕ್ಕುಬಿಟ್ಟಳು.

"ನಾನು ಸ್ಪ್ಯಾನರ್ ಮುಟ್ಟಿ ಎಷ್ಟು ವರ್ಷ ಆಯ್ತು ಗೊತ್ತೇನ್ರೀ? ನನ್ನ ಕೆಲಸ ಡ್ರೈವರ್ ಸೀಟಲ್ಲಿ ಕೂತು, ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು. ಬಾನೆಟ್ ಮುಚ್ಚೇ ಇರುತ್ತೆ."

ಪುಟ ಕಸದ ಬುಟ್ಟಿಗೆ ಹೋಯಿತು. (ತಲೆಬುಡ ತಿಳಿಯದ ವಿಷಯಕ್ಕೆ ಕೈ ಹಾಕುವುದು ನನ್ನ ಹಳೇ ಚಾಳಿ. ಓದುಗರೇ, ನೀವೂ ತಿಳಿಯದವರಾದರೆ ಒಳ್ಳೆಯದು, ಇಬ್ಬರೂ ಜೊತೆಯಲ್ಲೇ ಬಾಯಿ ಬಿಡೋಣ.)

೨

ಅವಳು ಟ್ಯೂನರ್. ಕಾರಿನ ಎಂಜಿನ್ನಿಗೆ ಒಂದು ಪುಟ್ಟ ಕಂಪ್ಯೂಟರ್ ಇರುತ್ತದೆ. ಎಷ್ಟು ಪೆಟ್ರೋಲ್ ಚಿಮ್ಮಬೇಕು, ಯಾವ ಗಳಿಗೆಯಲ್ಲಿ ಕಿಡಿ ಹಾರಬೇಕು, ಟರ್ಬೊ ಎಷ್ಟು ಗಾಳಿ ತುರುಕಬೇಕು ಎಂದು ಹೇಳುವುದು ಅದೇ. ಅದರೊಳಗಿನ ಫೈಲನ್ನು ಹೊರಗೆಳೆದು, ತಿದ್ದಿ, ಮತ್ತೆ ಒಳಗೆ ಕೂರಿಸುವುದು ಅವಳ ಕಸುಬು. ಎರಡು ಕಾರು ಹಿಡಿಸುವ ಶೆಡ್ಡು, ಮೂಲೆಯಲ್ಲಿ ಗಾಜಿನ ಬಾಗಿಲಿನ ಆಫೀಸು, ಕುಳಿತರೆ ಕಿರುಗುಟ್ಟುವ ಒಂದು ಕುರ್ಚಿ.

ಆ ಬೆಳಿಗ್ಗೆ ಅವಳ ಚಿಕ್ಕಮ್ಮ ಬಂದರು. ಹಲ್ಲಿನ ಡಾಕ್ಟರು, ವಯಸ್ಸು ಅರವತ್ತೆರಡು. ಅವರದು ಟರ್ಬೊ ಇರುವ ಕ್ರಾಸ್‌ಓವರ್. (ಅತ್ತ ಕಾರೂ ಅಲ್ಲ, ಇತ್ತ ಜೀಪೂ ಅಲ್ಲ. ನನ್ನ ಬರವಣಿಗೆಯೂ ಹಾಗೇ ಎಂದು ವಿಮರ್ಶಕರು ಬರೆಯುವ ಮೊದಲು ನಾನೇ ಹೇಳಿಬಿಡುತ್ತೇನೆ.)

"ಪೆಡಲ್ ಒತ್ತಿದ ತಕ್ಷಣ ಹುಲಿ ಥರ ಹಾರತ್ತೆ ಕಣೆ, ಆಮೇಲೆ ಏನಿಲ್ಲ. ಬಾಯಲ್ಲಿ ಮಾತ್ರ ಅಬ್ಬರ. ಸ್ವಲ್ಪ ಓಡೋ ಹಾಗೆ ಮಾಡ್ಕೊಡು."

"ಮೊದಲು ಯಾರಾದ್ರೂ ಟ್ಯೂನ್ ಮಾಡಿದ್ರಾ ಚಿಕ್ಕಮ್ಮ?"

"ನೀನೇ ತೆಗೆದು ನೋಡು. ನಾನು ಬಾಯಿ ತೆಗಿ ಅಂದ್ಮೇಲೇ ಅಲ್ವಾ ಹುಳುಕು ಕಾಣೋದು?"

೩

ಅವಳು ಫೈಲು ತೆರೆದಳು. ಪರದೆಯ ತುಂಬ ಚೌಕಗಳು. ಒಂದು ಕಡೆ ಎಂಜಿನ್ನಿನ ವೇಗ, ಇನ್ನೊಂದು ಕಡೆ ಅದರ ಮೇಲಿನ ಭಾರ, ನಡುವೆ ಇನ್ನೂರೈವತ್ತಾರು ಮನೆಗಳು, ಮನೆಗೊಂದು ಸಂಖ್ಯೆ. ಇಂಥ ಪಟಗಳು ಒಂದಲ್ಲ, ನೂರಾರು. ಹೊರಗೆ ಹಿಮ ಬೀಳುವ ಚಳಿಗೊಂದು, ಉಸಿರು ಸಿಗದಷ್ಟು ಎತ್ತರದ ಬೆಟ್ಟಕ್ಕೊಂದು. ಕಾರ್ಖಾನೆಯಲ್ಲಿ ಎಂದೋ ಕುಳಿತ ಯಾರೋ ಒಬ್ಬರು, ಈ ಗಾಡಿ ಎಲ್ಲೆಲ್ಲಿ ಹೋಗಬಹುದೋ ಅಷ್ಟನ್ನೂ ಮೊದಲೇ ಊಹಿಸಿ ಉತ್ತರ ಬರೆದಿಟ್ಟಿದ್ದಾರೆ. ಚಿಕ್ಕಮ್ಮ ಎಂದೂ ಹೋಗದ ಊರುಗಳಿಗೂ ಉತ್ತರ ಇದೆ. ಹದಿನೈದು ವರ್ಷದಿಂದ ನೋಡುತ್ತಿದ್ದರೂ ಅವಳಿಗೆ ಪ್ರತಿ ಸಲ ಮೈ ಜುಮ್ಮೆನ್ನುತ್ತದೆ. ನನಗೂ ಜುಮ್ಮೆಂದಿತು. ಮೂರು ಅಂತ್ಯ ಬರೆಯಲು ಪರದಾಡುವವನು ನಾನು, ಈ ಪುಣ್ಯಾತ್ಮರು ಒಂದು ಹೆಸರನ್ನೂ ಹಾಕದೆ ಸಾವಿರಾರು ಬರೆದಿದ್ದಾರೆ.

ಆದರೆ ಆ ಕಾರ್ಖಾನೆಯ ಬರಹದ ಮೇಲೆ ಇನ್ನೊಬ್ಬರ ಕೈ ಆಡಿತ್ತು. ಸಾಮಾನ್ಯವಾಗಿ ಟ್ಯೂನರುಗಳು ಒಂದಿಡೀ ಸಾಲನ್ನು ಬಾಚಿ ಹಿಡಿದು ಶೇಕಡಾ ಇಷ್ಟು ಎಂದು ಏರಿಸಿಬಿಡುತ್ತಾರೆ. ಇಲ್ಲಿ ಒಂದೊಂದು ಮನೆಯನ್ನೂ ಬೇರೆ ಬೇರೆ ತಿದ್ದಲಾಗಿತ್ತು. ಅಷ್ಟು ತಾಳ್ಮೆ, ಅಷ್ಟು ಹಠ ಇದ್ದದ್ದು ಒಬ್ಬನಿಗೇ.

ಅವಳ ಅಣ್ಣ. ಆರು ವರ್ಷದಿಂದ ಮಾತಿಲ್ಲ.

೪

(ಇಲ್ಲಿ ಬಾಲ್ಯದ ನೆನಪಿನ ಎರಡು ಪುಟವಿತ್ತು. ಅಣ್ಣ ತಂಗಿ, ಒಂದೇ ಸೈಕಲ್ಲು ಇತ್ಯಾದಿ. "ನಮ್ಮನೇಲಿ ಸೈಕಲ್ಲೇ ಇರ್ಲಿಲ್ಲ" ಎಂದಳು. ಹರಿದು ಹಾಕಿದೆ.)

೫

ಜಗಳ ಯಾಕಾಯಿತು ಎಂಬುದನ್ನು ಮಾತ್ರ ಹೇಳಲೇಬೇಕು. ಅದಕ್ಕೆ ಎಂಜಿನ್ನಿನ ಕಿವಿಯ ವಿಷಯ ಗೊತ್ತಿರಬೇಕು.

ಎಂಜಿನ್ನಿಗೆ ಕಿವಿ ಇದೆ. ಕವಿಸಮಯವಲ್ಲ, ನಿಜವಾಗಿ ಇದೆ. ಪೆಟ್ರೋಲ್ ಹೊತ್ತಿಗೆ ಮೊದಲೇ ಸಿಡಿದರೆ ಒಳಗೆ ಟಕ್ ಎಂದು ಪೆಟ್ಟು ಬೀಳುತ್ತದೆ. ಅದಕ್ಕೆ ನಾಕ್ ಎನ್ನುತ್ತಾರೆ. ಅದನ್ನು ಕೇಳಿಸಿಕೊಳ್ಳಲು ಲೋಹಕ್ಕೆ ಅಂಟಿಕೊಂಡು ಒಂದು ಸೆನ್ಸರ್ ಕೂತಿರುತ್ತದೆ. ಅದಕ್ಕೆ ಸದ್ದು ಕೇಳಿಸಿದ್ದೇ ತಡ ಕಂಪ್ಯೂಟರ್ ಕಿಡಿಯನ್ನು ತುಸು ತಡಮಾಡಿ ಪಿಸ್ಟನ್ನನ್ನು ಕಾಪಾಡುತ್ತದೆ. ನಾವು ರೇಡಿಯೊ ಕೇಳುತ್ತಾ ಹೋಗುವಾಗ ನಿಮಿಷಕ್ಕೆ ಸಾವಿರಾರು ಸಲ ಅದು ತನ್ನ ಎದೆಗೆ ತಾನೇ ಕಿವಿಗೊಟ್ಟು ಕೇಳುತ್ತಿರುತ್ತದೆ. ಇದನ್ನು ತಿಳಿದ ದಿನ ನಾನು ಕಾರಿನಿಂದ ಇಳಿದು ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ನಿಂತಿದ್ದೆ.

ಆ ಕಿವಿಯನ್ನು ಮಂದ ಮಾಡಲೂಬಹುದು. ರೇಸಿನ ಎಂಜಿನ್ನುಗಳು ಹುಟ್ಟಾ ಗಲಾಟೆಯವು, ಸುಮ್ಮಸುಮ್ಮನೆ ಬೆಚ್ಚದಿರಲಿ ಎಂದು ಅವಕ್ಕೆ ಹಾಗೆ ಮಾಡುತ್ತಾರೆ. ಮನೆಮಂದಿ ಓಡಾಡುವ ಕಾರಿಗೆ ಮಾಡಿದರೆ ಎಂಜಿನ್ ಹೋದಂತೆಯೇ.

ಆರು ವರ್ಷದ ಕೆಳಗೆ ಹಾಗೇ ಒಂದು ಹೋಗಿತ್ತು. ಅಣ್ಣ ತಂಗಿ ಇದೇ ಶೆಡ್ಡಿನಲ್ಲಿ ಕೂಡಿ ದುಡಿಯುತ್ತಿದ್ದ ಕಾಲ. ಫೈಲು ಅವಳದು, ರಸ್ತೆಯಲ್ಲಿ ಓಡಿಸಿ ನೋಡಿ ಕೊನೆಯ ತಿದ್ದುಪಡಿ ಮಾಡುವುದು ಅವನದು. ಡ್ರೈವಿಂಗ್ ಸ್ಕೂಲಿನವರ ಕಾರೊಂದರ ಪಿಸ್ಟನ್ ಒಡೆಯಿತು. ಆ ಕಾರಿನೊಳಗಿನ ಫೈಲು ತೆಗೆದು ನೋಡಿದರೆ ಕಿವಿ ಮಂದ ಮಾಡಲಾಗಿತ್ತು. ಗಿರಾಕಿಯ ಎದುರೇ ಅವಳು ಕೂಗಾಡಿದ್ದಳು: "ಇನ್ನೊಂಚೂರು ಪವರ್ ಬೇಕು ಅಂತ ನೀನೇ ಮಾಡಿದ್ದು. ನಿನ್ನ ದುರಾಸೆ ನನಗೆ ಗೊತ್ತಿಲ್ವಾ?"

"ನಾನಲ್ಲ" ಎಂದ ಅವನು, ಒಂದೇ ಸಲ. ಮರುವಾರ ತನ್ನ ಕೇಬಲ್ಲುಗಳನ್ನು ಸುತ್ತಿಕೊಂಡು ಬೇರೆ ಊರಿಗೆ ಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

೬

ಈಗ ಚಿಕ್ಕಮ್ಮನ ಫೈಲಿನಲ್ಲಿ ಅವಳು ನೇರವಾಗಿ ಕಿವಿಯ ಪಟಕ್ಕೇ ಹೋದಳು. ಮಂದ ಮಾಡಿರುತ್ತಾನೆ, ಎಲ್ಲಿ ಹೋಗುತ್ತಾನೆ, ಸಿಕ್ಕಿಬಿದ್ದ ಎಂದುಕೊಂಡೇ ತೆರೆದಳು.

ಕಿವಿ ಕಾರ್ಖಾನೆಯದಕ್ಕಿಂತ ಚುರುಕಾಗಿತ್ತು. ಚಿಕ್ಕಮ್ಮ ಸಿಕ್ಕ ಬಂಕಿನಲ್ಲಿ ಸಿಕ್ಕ ಪೆಟ್ರೋಲ್ ತುಂಬಿಸುವವರು, ಅದು ಅವನಿಗೆ ಗೊತ್ತು. ಪೆಡಲಿನ ಮೊದಲ ಅರ್ಧ ಇಂಚಿಗೆ ಮಾತ್ರ ಹುಲಿಯ ನೆಗೆತ ಕೊಟ್ಟು, ಮೇಲೆ ಶಕ್ತಿಗೆ ಲಗಾಮು ಹಾಕಿದ್ದ. ಚಿಕ್ಕಮ್ಮ ಅವನ ಊರಿಗೇ ಹೋಗಿ ಕೇಳಿದ ಸಂತೋಷವನ್ನೂ ಕೊಟ್ಟಿದ್ದ, ಅವರ ಕತ್ತನ್ನೂ ಕಾಪಾಡಿದ್ದ.

"ದುರಾಸೆಯವನು ಹೀಗೆ ಮಾಡ್ತಾನೇನ್ರೀ?" ಎಂದು ಅವಳು ನನ್ನನ್ನು ಕೇಳಿದಳು.

ನನಗೇನು ಗೊತ್ತು? ನಾನು ಬರೆಯುವವನು. ಅಡ್ಡಗೋಡೆ ಮೇಲೆ ದೀಪ ಇಡುವುದು ನನ್ನ ವೃತ್ತಿ.

ಅವಳು ಹಳೆಯ ಹಾರ್ಡ್‌ಡಿಸ್ಕ್ ತೆಗೆದಳು. ಆ ಒಡೆದ ಎಂಜಿನ್ನಿನ ಫೈಲು, ತಾನು ಅಣ್ಣನ ಕೈಗೆ ಕೊಟ್ಟ ಪ್ರತಿ. ಆರು ವರ್ಷದಲ್ಲಿ ಒಮ್ಮೆಯೂ ಅದನ್ನು ತೆರೆದಿರಲಿಲ್ಲ. ತಪ್ಪು ಅವನದು ಎಂದು ಗೊತ್ತಿದ್ದ ಮೇಲೆ ತೆರೆಯುವುದೇಕೆ?

ಅವಳ ಪ್ರತಿಯಲ್ಲೇ ಕಿವಿ ಮಂದವಾಗಿತ್ತು. ಅದರ ಹಿಂದಿನ ವಾರ ಅವಳು ಅದೇ ಮಾದರಿಯ ರೇಸ್ ಕಾರೊಂದನ್ನು ಟ್ಯೂನ್ ಮಾಡಿದ್ದಳು. ಎರಡರ ಕಿವಿಯ ಪಟಗಳನ್ನೂ ಪಕ್ಕಪಕ್ಕ ಇಟ್ಟಳು. ಸಂಖ್ಯೆಗೆ ಸಂಖ್ಯೆ ಒಂದೇ. ಕಾರ್ಖಾನೆಯ ಫೈಲಿನಿಂದ ಹೊಸದಾಗಿ ಶುರು ಮಾಡುವ ಬದಲು, ಕೆಲಸ ಬೇಗ ಮುಗಿಯಲೆಂದು ಹಿಂದಿನ ಗಿರಾಕಿಯ ಫೈಲಿಗೇ ಹೊಸ ಹೆಸರು ಕೊಟ್ಟಿದ್ದಳು. ಉಳಿದದ್ದೆಲ್ಲ ತಿದ್ದಿದ್ದಳು. ಕಿವಿಯೊಂದು ಹಾಗೇ ಉಳಿದಿತ್ತು.

ಅವಳು ಲ್ಯಾಪ್‌ಟಾಪ್ ಮುಚ್ಚಿಟ್ಟಳು. ಕಥೆಯೂ ನಿಂತಿತು.

"ಅವನು ರಸ್ತೆಗೆ ಇಳಿಸೋ ಮುಂಚೆ ಯಾಕೆ ನೋಡ್ಲಿಲ್ಲ?" ಎಂದೆ, ಅವಳ ಪರವಾಗಿ.

"ನಾನು ಮಾಡಿದ್ದು ಸರಿಯಾಗೇ ಇರುತ್ತೆ ಅಂತ."

೭

ಅವನಿಗೆ ಆಮೇಲಾದರೂ ಗೊತ್ತಾಗಿತ್ತೇ? ಫೈಲಿನ ಒಂದು ಪ್ರತಿ ಅವನಲ್ಲೂ ಇತ್ತು. ಗೊತ್ತಿದ್ದೂ ಆರು ವರ್ಷ ಸುಮ್ಮನಿದ್ದನೆಂದರೆ ಆ ಮೌನದ ಮುಂದೆ ನನಗೆ ಪೆನ್ನು ಹಿಡಿಯಲು ನಾಚಿಕೆಯಾಗುತ್ತದೆ. ಗೊತ್ತಿರಲಿಲ್ಲವೆಂದರೆ ಇನ್ನೂ ಕಷ್ಟ. ಇಷ್ಟು ವರ್ಷ ಅವನು ತನ್ನನ್ನೇ ಅನುಮಾನಿಸಿಕೊಂಡಿರಬಹುದು.

ಅಂತ್ಯ ಒಂದು. ಅವಳು ಹಳೆಯ ಫೈಲನ್ನು ಅಳಿಸುತ್ತಾಳೆ. ಯಾರಿಗೂ ತಿಳಿಯುವುದಿಲ್ಲ.
"ನಾನು ಅಷ್ಟು ಕೆಟ್ಟೋಳಾ?"

ಅಂತ್ಯ ಎರಡು. ಬಾಗಿಲಲ್ಲಿ ಅಣ್ಣ ಪ್ರತ್ಯಕ್ಷ, ಅಪ್ಪುಗೆ, ಕಣ್ಣೀರು.
"ಅವನು ಅಪ್ಪಿಕೊಳ್ಳೋ ಪೈಕಿ ಅಲ್ಲ. ನಾನೂ ಅಲ್ಲ. ಸಿನಿಮಾ ನೋಡೋದು ಕಮ್ಮಿ ಮಾಡಿ."

ಅಂತ್ಯ ಮೂರು. ಅವಳು ಫೋನ್ ಮಾಡುತ್ತಾಳೆ. ಅವನು ಎತ್ತುವುದಿಲ್ಲ.
ಇದನ್ನು ಓದಿ ಅವಳು ಫೋನು ಕೈಗೆತ್ತಿಕೊಂಡಳು.

"ಏನಂತ ಹೇಳ್ತೀಯಮ್ಮ? ಎರಡು ವಾಕ್ಯ ಬರ್ಕೊಡ್ಲಾ?" ಎಂದೆ.

"ಬೇಡ. ನೀವು ಸ್ವಲ್ಪ ಹೊರಗಿರಿ."

ನನ್ನದೇ ಕಥೆಯಿಂದ ನನ್ನನ್ನು ಹೊರಗೆ ಹಾಕಿ ಗಾಜಿನ ಬಾಗಿಲು ಎಳೆದುಕೊಂಡಳು. ಅವಳ ಬೆನ್ನು ಕಾಣುತ್ತಿದೆ. ಫೋನು ಕಿವಿಯ ಹತ್ತಿರ ಇದೆ. ಕುರ್ಚಿ ಬಿಟ್ಟು ನೆಲದ ಮೇಲೆ ಕುಳಿತಳು. ತಲೆ ಒಮ್ಮೆ ಅಲ್ಲಾಡಿತು. ಆ ಕಡೆ ಯಾರಾದರೂ ಎತ್ತಿದರೋ ಇಲ್ಲವೋ ನನಗೆ ಕೇಳಿಸುತ್ತಿಲ್ಲ, ಆದ್ದರಿಂದ ನಿಮಗೂ ಹೇಳಲಾರೆ.

ಶೆಡ್ಡಿನ ಹೊರಗೆ ಕಾದಿದ್ದ ಚಿಕ್ಕಮ್ಮ ಒಳಗೆ ಬಂದರು.

"ನನ್ನ ಗಾಡಿ ಆಯ್ತೇನಪ್ಪಾ?"

"ಇನ್ನೂ ಇಲ್ಲ ಚಿಕ್ಕಮ್ಮ. ಒಳಗೆ ಫೋನಲ್ಲಿದಾಳೆ."

"ಯಾರಿಗೆ?"

"ಅವಳಣ್ಣನಿಗೆ."

ಚಿಕ್ಕಮ್ಮ ಗಾಜಿನತ್ತ ನೋಡಿದರು. ಕೈಚೀಲವನ್ನು ನೆಲಕ್ಕಿಟ್ಟು, ಅಲ್ಲಿದ್ದ ಹಳೇ ಟೈರಿನ ಮೇಲೆ ಕುಳಿತು, ನನಗೂ ಜಾಗ ಮಾಡಿಕೊಟ್ಟರು.

"ಹಾಗಾದ್ರೆ ನನಗೇನೂ ಅವಸರ ಇಲ್ಲ."